ಕಪ್ಪು ಕಂಬದ ಹೊಳಪು: ಒಂದು ಟೆನರ್ ಕಂಠದ ಸುತ್ತ ಓದುಗರ ಪ್ರಶ್ನೆಗಳು

ಎರಡು ಸಂಚಿಕೆಗಳ ಹಿಂದೆ ಈ ಅಂಕಣದಲ್ಲಿ ಜರ್ಮನಿಯ ಟೆನರ್ ಗಾಯಕ ಯೋನಾಸ್ ಕೌಫ್‌ಮನ್ ಅವರ ಇಟಾಲಿಯನ್ ಆರಿಯಾಗಳ ಆಲ್ಬಂ ಒಂದರ ಬಗ್ಗೆ ಹತ್ತು ಸಾಲು ಬರೆದಿದ್ದೆ. ವೆರಿಸ್ಮೊ ಪಂಥದ ಆರಿಯಾಗಳೆಂದು ಹೆಸರಿಟ್ಟು ಡೆಕ್ಕಾ ಕಂಪನಿಯವರು 2010ರಲ್ಲಿ ಹೊರತಂದ ಈ ಆಲ್ಬಂನಲ್ಲಿ ರೋಮ್ ನಗರದ ಸಾಂತಾ ಚೆಚೀಲಿಯಾ ಅಕಾಡೆಮಿಯ ವಾದ್ಯವೃಂದವನ್ನು ಅಂತೋನಿಯೊ ಪಪ್ಪಾನೊ ನಡೆಸಿದ್ದಾರೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದಲೇ ಅದಕ್ಕೆ ಇಷ್ಟೊಂದು ಪತ್ರಗಳು ಬಂದಾವೆಂದು ನಾನು ಎಣಿಸಿರಲಿಲ್ಲ. ಮೆಣಸು ಕೊಯ್ಲಿನ ಗಡಿಬಿಡಿಯ ನಡುವೆಯೂ ಜನ ಬರೆದಿದ್ದಾರೆ. ಆದ್ದರಿಂದ ಈ ಸಲದ ಪುಟಗಳನ್ನೆಲ್ಲ ಅವಕ್ಕೇ ಮೀಸಲಿಟ್ಟಿದ್ದೇನೆ. ಮೊದಲು ಒಂದು ತಿದ್ದುಪಡಿ: ಹಾಡಿನಿಂದಲೇ ಸಾಗುವ ಪಾಶ್ಚಾತ್ಯ ನಾಟಕವಾದ ಆಪೆರಾದಲ್ಲಿ ಒಂದು ಪಾತ್ರ ಕಥೆಯ ಓಟವನ್ನು ತಡೆದು ನಿಲ್ಲಿಸಿ ತನ್ನ ಮನಸ್ಸನ್ನು ತೋಡಿಕೊಳ್ಳುವ ಹಾಡಿಗೆ ಆರಿಯಾ ಎಂದು ಹೆಸರು, ನಮ್ಮ ಕಂಪನಿ ನಾಟಕಗಳ ರಂಗಗೀತೆಗೆ ಅದು ದೂರದ ದಾಯಾದಿ. ಕಳೆದ ಸಲ ಅದು ಅಚ್ಚಿನಲ್ಲಿ 'ಏರಿಯಾ' ಎಂದಾಗಿ, ಯಾವ ಬಡಾವಣೆಯ ವಿಷಯವೆಂದು ಹಾಸನದ ಓದುಗರೊಬ್ಬರು ವಿಚಾರಿಸಿದ್ದಾರೆ. ತಪ್ಪು ನಮ್ಮದು.

ಪ್ರಶ್ನೆ: ಮಾನ್ಯರೆ, ನಿಮ್ಮ ಬರಹ ಓದಿ ಆ ಆಲ್ಬಂ ಅನ್ನು ಮಗನಿಂದ ತರಿಸಿಕೊಂಡು ಕೇಳಿದೆ. ಗಂಡಸರ ಸಹಜ ದನಿಗಳಲ್ಲಿ ಟೆನರ್ ಅತಿ ಎತ್ತರದ್ದು ಎಂದು ನೀವೇ ಬರೆದಿದ್ದೀರಿ. ಆದರೆ ಈ ಗಾಯಕನ ದನಿ ಹಂಡೆಯೊಳಗೆ ಮುಖವಿಟ್ಟು ಹಾಡಿದ ಹಾಗೆ ದಪ್ಪಗೆ, ಮಬ್ಬಾಗಿ ಕೇಳಿಸುತ್ತದೆ. ಇದು ನಿಜವಾಗಿಯೂ ಟೆನರ್ ಕಂಠವೇ? ಅಥವಾ ಗಂಟಲಿನ ದೋಷವನ್ನೇ ಬಲ್ಲವರು ಗುಣವೆಂದು ಹೊಗಳುತ್ತಿದ್ದಾರೆಯೇ? (ಒಬ್ಬ ಕಾಫಿ ಬೆಳೆಗಾರರು, ಸಕಲೇಶಪುರ)

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಕೇಳಿದೆ, ತೀರ್ಮಾನ ಮಾತ್ರ ತುಸು ಅವಸರದ್ದು. ದನಿಯ ಎತ್ತರ ಬೇರೆ, ದನಿಯ ಬಣ್ಣ ಬೇರೆ. ಒಂದೇ ಶ್ರುತಿಯ ಷಡ್ಜವನ್ನು ವೀಣೆಯಲ್ಲಿ ಮೀಟಿದಾಗ ಒಂದು ಬಗೆ, ನಾಗಸ್ವರದಲ್ಲಿ ಊದಿದಾಗ ಇನ್ನೊಂದು ಬಗೆ ಎಂಬುದು ನಿಮಗೆ ಗೊತ್ತಿರುವ ಸಂಗತಿಯೇ. ಟೆನರ್ ಎಂಬುದು ಮುಖ್ಯವಾಗಿ ಎತ್ತರವನ್ನು ಸೂಚಿಸುವ ಹೆಸರು: ಸ್ಥೂಲವಾಗಿ ಹೇಳುವುದಾದರೆ ಸೆಕೆಂಡಿಗೆ 130 ಕಂಪನಗಳ ಸ್ವರದಿಂದ ಎರಡು ಸ್ಥಾಯಿ ಮೇಲಿನ 523 ಕಂಪನಗಳ ಸ್ವರದವರೆಗೆ. ಆ ವ್ಯಾಪ್ತಿಯೊಳಗೆ ಓಡಾಡುವ ಕಂಠ ಬೆಳ್ಳಿಯ ತಂತಿಯಂತೆಯೂ ಇರಬಹುದು, ಕಂಚಿನ ಗಂಟೆಯಂತೆಯೂ ಇರಬಹುದು. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಗಂಗೂಬಾಯಿ ಹಾನಗಲ್ ಅವರ ಶಾರೀರ ಗಂಡುದನಿಯಷ್ಟು ಗಡುಸಾಯಿತು. ಅದರಿಂದ ಅವರ ಗಾಯನ ಕುಂದಿತೆಂದು ಕನ್ನಡ ನಾಡಿನಲ್ಲಿ ಯಾರೂ ಹೇಳಲಾರರು.

ಬಣ್ಣ ಹೇಗೆ ಬರುತ್ತದೆ ಎಂಬುದಕ್ಕೆ ಸರಳವಾದ ಕಾರಣವಿದೆ. ಧ್ವನಿಪೆಟ್ಟಿಗೆಯಿಂದ ತುಟಿಯವರೆಗಿನ ಕೊಳವೆ ವಯಸ್ಕ ಗಂಡಸಿನಲ್ಲಿ ಸುಮಾರು 17 ಸೆಂಟಿಮೀಟರ್ ಉದ್ದವಿರುತ್ತದೆ. ಆಕಳಿಕೆ ಇನ್ನೇನು ಆರಂಭವಾಗುವ ಗಳಿಗೆಯಲ್ಲಿ ಗಂಟಲು ತೆರೆದುಕೊಳ್ಳುವ ಬಗೆಯನ್ನು ನೆನೆಸಿಕೊಳ್ಳಿ. ಧ್ವನಿಪೆಟ್ಟಿಗೆ ಕೆಳಗಿಳಿದು, ಗಂಟಲು ಅಗಲವಾಗಿ, ತುಟಿ ದುಂಡಾದರೆ ಆ ಕೊಳವೆ ತುಸು ಉದ್ದವಾಗುತ್ತದೆ, ಅದರ ಅನುರಣನಗಳು ಕೆಳಗೆ ಸರಿಯುತ್ತವೆ, ನಾದ ಕಪ್ಪೇರುತ್ತದೆ. ಶ್ರುತಿ ಮಾತ್ರ ಕೂದಲೆಳೆಯಷ್ಟೂ ಇಳಿಯುವುದಿಲ್ಲ. ಹುಟ್ಟಿನಿಂದಲೇ ಉದ್ದನೆಯ ಕೊಳವೆ ಪಡೆದವರಿಗೆ ಇದರಲ್ಲಿ ಅರ್ಧ ಭಾಗ ತಾನಾಗಿ ಒದಗಿರುತ್ತದೆ.

ನೀವು ಕೇಳಿದ ದೋಷದ ಪ್ರಶ್ನೆ ಮುಖ್ಯವಾದದ್ದು. ಇಟಲಿಯ ಗಾಯನಗುರುಗಳಲ್ಲಿ 'ಕಿಯಾರೊಸ್ಕೂರೊ' ಎಂಬ ಮಾತು ಬಹುಕಾಲದಿಂದ ಬಳಕೆಯಲ್ಲಿದೆ. ಬೆಳಕೂ ಕತ್ತಲೂ ಒಂದೇ ಸ್ವರದಲ್ಲಿ ಕೂಡಿರಬೇಕು ಎಂದು ಅದರ ಭಾವ. ಸಕಲೇಶಪುರದಿಂದ ಬೇಲೂರು ದೂರವಿಲ್ಲವಾದ್ದರಿಂದ ಅಲ್ಲಿನ ನಿದರ್ಶನವನ್ನೇ ಕೊಡುತ್ತೇನೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ತಿರುಗಣೆಗೆ ಹಿಡಿದು ಕಡೆದಂತಿರುವ ಬಳಪದ ಕಲ್ಲಿನ ಕಂಬಗಳನ್ನು ನೀವು ನೋಡಿರುತ್ತೀರಿ. ಕಲ್ಲು ಕಪ್ಪು, ಮಂಟಪದೊಳಗೆ ಬೆಳಕೂ ಕಡಿಮೆ. ಆದರೂ ಬಾಗಿಲ ಕಡೆಯಿಂದ ಬಂದ ಅಷ್ಟಿಷ್ಟು ಬೆಳಕು ಪ್ರತಿಯೊಂದು ಬಳೆಯ ಅಂಚಿನ ಮೇಲೂ ಗೆರೆ ಎಳೆದಂತೆ ನಿಂತಿರುತ್ತದೆ. ಒಳ್ಳೆಯ ಕಪ್ಪು ಕಂಠ ಹಾಗೆ. ಅಂಚಿನ ಹೊಳಪಿಲ್ಲದೆ ಬರಿಯ ಕಪ್ಪಷ್ಟೇ ಇದ್ದರೆ ಅದು ಒಲೆಯ ಮಸಿ, ಅಂದರೆ ನೀವು ಹೇಳುವ ಹಂಡೆಯ ದನಿ. ಪರೀಕ್ಷೆ ಮಾಡುವುದು ಕಷ್ಟವಲ್ಲ. ಮಾತಿನ ಅಕ್ಷರಗಳು ಬಿಡಿಬಿಡಿಯಾಗಿ ಕೇಳುತ್ತಿವೆಯೇ, ಮೆಲ್ಲಗೆ ಹಾಡಿದಾಗಲೂ ನಾದದ ಮೊನೆ ಉಳಿದಿದೆಯೇ, ಮೇಲಿನ ಸ್ವರಕ್ಕೆ ಹೋಗುವಾಗ ದನಿ ಅಗಲವಾಗದೆ ಚೂಪಾಗುತ್ತದೆಯೇ ಎಂದು ಗಮನಿಸಿ. ಈ ಮೂರರಲ್ಲಿ ಮೊದಲ ಎರಡಕ್ಕೆ ಕೌಫ್‌ಮನ್ ಸಂಶಯವಿಲ್ಲದೆ ಉತ್ತೀರ್ಣರು. ಮೂರನೆಯದರಲ್ಲಿ ಅಲ್ಲಲ್ಲಿ ಗಂಟಲಿನ ಬಿಗಿ ತೋರುತ್ತದೆಂದು ನನಗೂ ಅನಿಸಿದೆ.

ಇನ್ನೊಂದು ಮಾತು. 1969ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿದ ಈ ಗಾಯಕರು ಆರಂಭದಲ್ಲಿ ಹೀಗೆ ಹಾಡುತ್ತಿರಲಿಲ್ಲ. ಸಾರ್‌ಬ್ರುಕನ್ ನಗರದ ರಂಗಮಂದಿರದಲ್ಲಿ ನೌಕರಿಗಿದ್ದ ದಿನಗಳಲ್ಲಿ ಹಗುರವಾದ, ತಿಳಿಯಾದ ದನಿಯನ್ನು ಬಲವಂತವಾಗಿ ತರಲು ಹೋಗಿ ಕಂಠ ಕೈಕೊಟ್ಟಿತು. ಮೈಕೆಲ್ ರೋಡ್ಸ್ ಎಂಬ ಅಮೆರಿಕದ ಬ್ಯಾರಿಟೋನ್ (ಟೆನರ್ ದನಿಗಿಂತ ತಗ್ಗಿನ ಗಂಡುದನಿ) ಗಾಯಕರ ಬಳಿ ಕುಳಿತು, ತನ್ನ ಸ್ವಂತ ದನಿ ಯಾವುದೋ ಅದನ್ನೇ ಬಿಟ್ಟು ಹಾಡುವುದನ್ನು ಅವರು ಮತ್ತೆ ಕಲಿಯಬೇಕಾಯಿತು. ಅಂದರೆ ನಿಮಗೆ ಕೃತಕವಾಗಿ ಕೇಳಿಸುವ ಈ ಕಪ್ಪೇ ಅವರ ಸಹಜ ಬಣ್ಣ. ಮೊದಲಿನ ತಿಳಿದನಿಯೇ ಹಾಕಿಕೊಂಡ ವೇಷ. ಟೆನರ್‌ಗಳ ವಂಶಾವಳಿಯಲ್ಲಿ ಇಂತಹವರು ಹಲವರಿದ್ದಾರೆ. ಕಾರ್ಲೊ ಬೆರ್ಗೊಂಜಿ ಬ್ಯಾರಿಟೋನ್ ಆಗಿ ರಂಗವೇರಿ, 1951ರಲ್ಲಿ ಟೆನರ್ ಆಗಿ ಮರಳಿದವರು. ಪ್ಲಾಸಿದೊ ಡೊಮಿಂಗೊ ಅವರೂ ಬ್ಯಾರಿಟೋನ್ ಆಗಿ ತೊಡಗಿ, ಟೆನರ್ ಆಗಿ ಬಾಳಿ, ಇಳಿವಯಸ್ಸಿನಲ್ಲಿ ಮತ್ತೆ ಬ್ಯಾರಿಟೋನ್ ಪಾತ್ರಗಳಿಗೆ ಹಿಂದಿರುಗಿದವರು.

ಪ್ರಶ್ನೆ: ಸರ್, ನಾನು ಎಂಟು ವರ್ಷಗಳಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಈ ಆಲ್ಬಂನಲ್ಲಿ ನಿಂತ ಸ್ವರವೂ ನಡುಗುತ್ತಲೇ ಇರುತ್ತದೆ, ಮೇಲಿನ ಸ್ವರಗಳು ಕಿರುಚಿದಂತೆ ಕೇಳಿಸುತ್ತವೆ. ಸ್ವರ ಹೀಗೆ ಅಲುಗಿದರೆ ಶ್ರುತಿ ತಪ್ಪಿತೆಂದು ನಮ್ಮ ಗುರುಗಳು ಬೈಯುತ್ತಾರೆ. ಮೈಕ್ ಇರುವ ಈ ಕಾಲದಲ್ಲಿ ಅಷ್ಟು ಗಟ್ಟಿಯಾಗಿ ಹಾಡುವ ಅಗತ್ಯವಾದರೂ ಏನು? (ಕಾಲೇಜು ವಿದ್ಯಾರ್ಥಿನಿ, ಚಿಕ್ಕಮಗಳೂರು)

ಉತ್ತರ: ನಿಮ್ಮ ಗುರುಗಳು ಹೇಳುವುದು ನಿಮ್ಮ ಸಂಗೀತಕ್ಕೆ ಸರಿ. ತಂಬೂರಿಯ ಷಡ್ಜದ ಮೇಲೆ ನಿಂತು ಹಾಡುವಲ್ಲಿ ಸ್ವರ ಎಲ್ಲಿ ನಿಲ್ಲಬೇಕು, ಎಲ್ಲಿ ಅಲುಗಬೇಕು ಎಂಬುದನ್ನು ರಾಗ ನಿರ್ಧರಿಸುತ್ತದೆ. ನಮ್ಮ ಗಮಕಕ್ಕೆ ಅರ್ಥವಿದೆ, ಅದನ್ನು ತಪ್ಪಿದರೆ ರಾಗವೇ ಬೇರೆಯಾದೀತು. ಆಪೆರಾ ಗಾಯನದ ನಡುಕ ರಾಗಕ್ಕೆ ಸೇರಿದ್ದಲ್ಲ, ಅದು ನಾದದ ಮೈಗೆ ಸೇರಿದ್ದು. ಸೆಕೆಂಡಿಗೆ ಐದರಿಂದ ಏಳು ಸಲ, ಸಮನಾಗಿ ಆಡುವ ಆ ಅಲೆಯ ನಡುಬಿಂದುವನ್ನೇ ಕಿವಿ ಶ್ರುತಿಯೆಂದು ಹಿಡಿಯುತ್ತದೆ. ಅಲೆ ಅದಕ್ಕಿಂತ ನಿಧಾನವಾಗಿ, ಅಗಲವಾಗಿ ತೂಗತೊಡಗಿದರೆ ಅಲ್ಲಿಯವರೂ ಅದನ್ನು ದೋಷವೆಂದೇ ಎಣಿಸುತ್ತಾರೆ.

ಮೈಕ್ ವಿಷಯ. ಆಪೆರಾ ಮಂದಿರಗಳಲ್ಲಿ ಪದ್ಧತಿಯಂತೆ ಗಾಯಕರಿಗೆ ಮೈಕ್ ಇರುವುದಿಲ್ಲ. ಮಿಲಾನ್ ನಗರದ ಲಾ ಸ್ಕಾಲಾದಲ್ಲಿ ಸುಮಾರು 2,000 ಜನ, ನ್ಯೂಯಾರ್ಕಿನ ಮೆಟ್ರೊಪಾಲಿಟನ್‌ನಲ್ಲಿ ಸುಮಾರು 3,800 ಜನ ಕೂರುತ್ತಾರೆ. ಗಾಯಕ ಮತ್ತು ಸಭಿಕರ ನಡುವಿನ ಗುಂಡಿಯಲ್ಲಿ ಎಪ್ಪತ್ತು ಎಂಬತ್ತು ವಾದ್ಯಗಳು ಮೊಳಗುತ್ತಿರುತ್ತವೆ. ಅಷ್ಟನ್ನೂ ದಾಟಿ ಒಬ್ಬನ ದನಿ ಕೊನೆಯ ಸಾಲಿಗೆ ತಲುಪಬೇಕು. ಜೋರಿನಿಂದ ಅದು ಸಾಧ್ಯವಾಗುವುದಿಲ್ಲ. ವಾದ್ಯವೃಂದದ ಶಕ್ತಿ ಹೆಚ್ಚಾಗಿ ಸೆಕೆಂಡಿಗೆ 500 ಕಂಪನಗಳ ಆಸುಪಾಸಿನಲ್ಲಿ ಗುಂಪುಗೂಡಿ, ಮೇಲಕ್ಕೆ ಹೋದಂತೆ ಇಳಿಯುತ್ತದೆ. ಪಳಗಿದ ಗಾಯಕ ತನ್ನ ಗಂಟಲಿನ ಆಕಾರದಿಂದ 3,000 ಕಂಪನಗಳ ಹತ್ತಿರ, ವಾದ್ಯಗಳ ಸಂದಣಿ ಕಡಿಮೆಯಿರುವ ಎಡೆಯಲ್ಲಿ, ತನ್ನ ನಾದಕ್ಕೊಂದು ಮೊನೆ ಕೂಡಿಸಿಕೊಂಡಿರುತ್ತಾನೆ. ಸ್ವೀಡನ್ನಿನ ಯೋಹಾನ್ ಸುಂಡ್‌ಬೆರಿ ಎಂಬ ವಿಜ್ಞಾನಿ 1970ರ ದಶಕದಲ್ಲಿ ಇದನ್ನು ಅಳತೆ ಮಾಡಿ ವಿವರಿಸಿದರು. ಜಾತ್ರೆಯ ಗದ್ದಲದಲ್ಲಿ ಡೊಳ್ಳು ಎಷ್ಟೇ ಮೊಳಗಿದರೂ ತಾಳದ ಕಿಣಿಕಿಣಿ ಬೇರೆಯಾಗಿ ಕೇಳುವುದಿಲ್ಲವೇ, ಹಾಗೆ. ಮೊದಲ ಉತ್ತರದಲ್ಲಿ ನಾನು ಹೇಳಿದ ಅಂಚಿನ ಹೊಳಪು ಇದೇ. ಬುಡದ ಕಪ್ಪು ಮತ್ತು ಮೇಲಿನ ಈ ಮೊನೆ ಎರಡೂ ಒಟ್ಟಿಗೆ ಇರುವುದರಿಂದಲೇ ಕಪ್ಪು ಕಂಠದ ಟೆನರ್ ಅಪರೂಪ. ಮೈಕ್ ಬರುವ ಮುಂಚೆ ನಮ್ಮ ವೃತ್ತಿರಂಗಭೂಮಿಯ ನಟರೂ ಡೇರೆಯ ಕೊನೆಯ ಸಾಲಿಗೆ ಕಂದಪದ್ಯ ಮುಟ್ಟಿಸುತ್ತಿದ್ದರು. ಅವರು ಎತ್ತರದ ಶ್ರುತಿಯನ್ನು ಹಿಡಿದರು, ಇಟಲಿಯವರು ಗಂಟಲನ್ನು ಪಳಗಿಸಿದರು.

ನಿಮ್ಮಂತಹ ವಿದ್ಯಾರ್ಥಿನಿಗೆ ಇದರಲ್ಲಿ ಕೇಳುವುದಕ್ಕೆ ಒಂದು ವಿಶೇಷವಿದೆ. ನಮ್ಮಲ್ಲಿ 'ಆ'ಕಾರ ಮೇಲಿನ ಷಡ್ಜದಲ್ಲೂ 'ಆ'ಕಾರವಾಗಿಯೇ ಉಳಿಯಬೇಕು. ಟೆನರ್‌ನ ಕಂಠ ಮಧ್ಯದಿಂದ ಮೇಲಕ್ಕೆ ದಾಟುವ ಸೇತುವೆಯಂತಹ ಮೂರು ನಾಲ್ಕು ಸ್ವರಗಳಿವೆ. ಅಲ್ಲಿ 'ಆ' ಎಂಬುದು ಸದ್ದಿಲ್ಲದೆ 'ಓ' ಕಡೆಗೆ ಹೊರಳುತ್ತದೆ. ಸ್ವರವನ್ನು ಮುಚ್ಚುವುದು ಎಂದು ಅವರು ಇದನ್ನು ಕರೆಯುತ್ತಾರೆ. ಕೌಫ್‌ಮನ್ ಇತರರಿಗಿಂತ ಮೊದಲೇ ಮುಚ್ಚಲು ತೊಡಗುತ್ತಾರೆ ಎಂದು ನನಗೆ ತೋರುತ್ತದೆ. ನೀವೂ ಕೇಳಿ ನೋಡಿ.

ಪ್ರಶ್ನೆ: ವೆರಿಸ್ಮೊ ಎಂದರೆ ಏನು? ಒಂದೇ ವಾಕ್ಯದಲ್ಲಿ ಹೇಳುವಿರಾ? (ನಿವೃತ್ತ ಅಧ್ಯಾಪಕರು, ಹಾಸನ)

ಉತ್ತರ: ದೇವತೆಗಳನ್ನೂ ರಾಜರಾಣಿಯರನ್ನೂ ಬಿಟ್ಟು ಹಳ್ಳಿಯವರು, ಗಾಡಿಯವರು, ಬೀದಿಯಾಟದವರು ಇಂಥವರ ಪ್ರೀತಿ, ಹೊಟ್ಟೆಕಿಚ್ಚು, ಚೂರಿ ಇವುಗಳನ್ನು ಹಸಿಹಸಿಯಾಗಿ ರಂಗಕ್ಕೆ ತಂದ, 1890ರಲ್ಲಿ ರೋಮ್‌ನಲ್ಲಿ ಮೊದಲ ಪ್ರದರ್ಶನ ಕಂಡ ಮಸ್ಕಾನಿಯವರ 'ಕವಲೇರಿಯಾ ರುಸ್ತಿಕಾನಾ'ದಿಂದ ಜೋರು ಪಡೆದ ಇಟಾಲಿಯನ್ ಆಪೆರಾ ಪಂಥ. ಒಂದು ವಾಕ್ಯ ಮುಗಿಯಿತು. ಆದರೂ ಒಂದು ತಕರಾರನ್ನು ಸೇರಿಸಲು ಬಿಡಿ. ಆಲ್ಬಂನ ಹೆಸರನ್ನು ಪೂರ್ತಿ ನಂಬಬೇಡಿ. ಅದರಲ್ಲಿರುವ ಪೋಂಕಿಯೆಲ್ಲಿಯವರ 'ಲಾ ಜೊಕೊಂಡಾ' 1876ರದ್ದು, ಬೊಯಿತೊ ಅವರ 'ಮೆಫಿಸ್ತೊಫೆಲೆ' ಅದಕ್ಕೂ ಹಿಂದಿನದು. ಮೆಫಿಸ್ತೊಫೆಲೆ 1868ರಲ್ಲಿ ಲಾ ಸ್ಕಾಲಾದಲ್ಲಿ ಸೋತು ಬಿದ್ದಾಗ ಅದರ ಫೌಸ್ಟ್ ಪಾತ್ರ ಬ್ಯಾರಿಟೋನ್‌ಗೆ ಬರೆದದ್ದಾಗಿತ್ತು. 1875ರ ತಿದ್ದುಪಡಿಯಲ್ಲಿ ಬೊಯಿತೊ ಅದನ್ನು ಟೆನರ್‌ಗೆ ವರ್ಗಾಯಿಸಿದರು. ಬ್ಯಾರಿಟೋನ್ ನೆರಳಿರುವ ಈ ಕಂಠ ಆಲ್ಬಂನಲ್ಲಿರುವ ಫೌಸ್ಟ್‌ನ ಎರಡು ಆರಿಯಾಗಳಲ್ಲಿ ಮನೆಗೆ ಬಂದಂತೆ ನೆಮ್ಮದಿಯಾಗಿ ಕೇಳಿಸುವುದು ಇದರಿಂದಲೇ ಇರಬೇಕು.

ಪ್ರಶ್ನೆ: ನನಗೆ ಇಟಾಲಿಯನ್ ಭಾಷೆಯ ಒಂದಕ್ಷರವೂ ಬಾರದು. ಅರ್ಥವಾಗದ ಹಾಡನ್ನು ಎಷ್ಟು ಹೊತ್ತು ಕೇಳುವುದು? ಹತ್ತಾರು ಹಾಡುಗಳಲ್ಲಿ ಯಾವುದರಿಂದ ಆರಂಭಿಸಬೇಕು, ಅದರಲ್ಲಿ ಏನನ್ನು ಗಮನಿಸಬೇಕು ಎಂದು ತಿಳಿಸಿದರೆ ಉಪಕಾರವಾಗುತ್ತದೆ. (ಗೃಹಿಣಿ, ಅರಸೀಕೆರೆ)

ಉತ್ತರ: ನಾನೂ ಮೊದಲ ಸಲ ಇಂತಹ ಆಲ್ಬಂ ಒಂದನ್ನು ಹಾಕಿಕೊಂಡು ಮೂರನೆಯ ಹಾಡಿಗೆ ನಿಲ್ಲಿಸಿದ್ದೆ, ಎಲ್ಲವೂ ಒಂದೇ ಅಳುವಿನಂತೆ ಕೇಳಿಸಿತು. ಕಾರಣ ಆಮೇಲೆ ಹೊಳೆಯಿತು: ರಂಗಗೀತೆಗಳನ್ನು ನಾಟಕವಿಲ್ಲದೆ ಸಾಲಾಗಿ ಕೇಳುತ್ತಿದ್ದೆ. ಸಾಹಿತ್ಯ ತಿಳಿಯದೆ ಹೋದರೂ ಸಂದರ್ಭ ತಿಳಿದಿರಲೇಬೇಕು. ಆದ್ದರಿಂದ ದಿನಕ್ಕೊಂದು ಹಾಡು ಸಾಕು. ಹಾಡಿನ ಮುಂಚೆ ಅದರ ಕಥೆಯನ್ನು ಒಮ್ಮೆ ನೆನೆಸಿಕೊಳ್ಳಿ.

ಮೊದಲನೆಯ ದಿನ ಚಿಲೆಯಾ ಅವರ 'ಲಾರ್ಲೆಸಿಯಾನಾ' ಆಪೆರಾದ ಫೆದೆರಿಕೊನ ಪ್ರಲಾಪವನ್ನು ಕೇಳಿ. ಕುರಿ ಕಾಯುವವನೊಬ್ಬನ ಕಥೆ ಹೇಳಹೊರಟ ಹುಡುಗ ಹಾಗೆಯೇ ನಿದ್ದೆಹೋಗುತ್ತಾನೆ. ಪ್ರೀತಿಯಲ್ಲಿ ಬೆಂದ ಫೆದೆರಿಕೊ ಆ ನಿದ್ದೆಯನ್ನು ನೋಡಿ ಕರುಬುತ್ತಾನೆ. ತನಗೂ ಹಾಗೊಂದು ನಿದ್ದೆ ಬಂದರೆ ಅವಳನ್ನು ಮರೆಯಬಹುದಿತ್ತು ಎಂಬುದಷ್ಟೇ ಹಾಡಿನ ಸಾರ. ಮಲಗಿದ ಮಗುವಿನ ಪಕ್ಕದಲ್ಲಿ ಮಾತಾಡಿದಂತೆ ಹಾಡು ಮೆಲ್ಲಗೆ ತೊಡಗಬೇಕು, ಕೌಫ್‌ಮನ್ ಹಾಗೆಯೇ ತೊಡಗುತ್ತಾರೆ. ಕಪ್ಪು ಕಂಠ ಮೆಲುದನಿಗೆ ಇಳಿದಾಗ ಬರುವ ಬಿಸಿಯುಸಿರಿನ ಗುಣ ತಿಳಿಯಾದ ಕಂಠಕ್ಕೆ ದಕ್ಕುವುದು ಕಷ್ಟ. ಅಲ್ಲಿಂದ ಅಳಲು ಏರುತ್ತ ಹೋಗಿ ಮೇಲಿನ ಸ್ವರದಲ್ಲಿ ಒಡೆಯುವವರೆಗೆ ದನಿ ಎಲ್ಲಿಯೂ ತುಂಡಾಗದೆ ತೈಲಧಾರೆಯಂತೆ ಹರಿಯುತ್ತದೆಯೇ ಎಂದು ಕಿವಿಗೊಡಿ. ಈ ಆಲ್ಬಂನಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಹಾಡು ಇದು.

ಎರಡನೆಯ ದಿನ 'ಕವಲೇರಿಯಾ ರುಸ್ತಿಕಾನಾ'. ಸಿಸಿಲಿಯ ಹಳ್ಳಿಯೊಂದರಲ್ಲಿ ಈಸ್ಟರ್ ಹಬ್ಬದ ದಿನ. ಇನ್ನೊಬ್ಬನ ಹೆಂಡತಿಯ ಸಹವಾಸ ಮಾಡಿದ ತುರಿದ್ದು ಎಂಬ ಯುವಕ ಚೂರಿಕಾಳಗಕ್ಕೆ ಹೊರಟಿದ್ದಾನೆ. ಮರಳಿ ಬರುವ ಭರವಸೆಯಿಲ್ಲ. ಅಮ್ಮನಿಗೆ ನಿಜ ಹೇಳಲಾರ. ವೈನ್ ತುಸು ಹೆಚ್ಚಾಯಿತು, ಹೊರಗೆ ಗಾಳಿಗೆ ಹೋಗಿಬರುತ್ತೇನೆ ಎನ್ನುತ್ತಾನೆ, ಸೈನ್ಯಕ್ಕೆ ಹೊರಟ ದಿನ ಹರಸಿದಂತೆ ಒಮ್ಮೆ ಹರಸು ಎನ್ನುತ್ತಾನೆ, ತಾನು ಕೈಬಿಟ್ಟ ಹುಡುಗಿಗೆ ನೀನೇ ತಾಯಿಯಾಗು ಎನ್ನುತ್ತಾನೆ. ಯಾಕೆ ಮಗನೇ ಹೀಗೆ ಮಾತಾಡುತ್ತೀ ಎಂದು ಅಮ್ಮ ಕೇಳಿದರೆ, 'ಏನಿಲ್ಲಮ್ಮ, ವೈನ್ ಹಾಗೆ ಆಡಿಸುತ್ತಿದೆ' ಎಂದು ತೇಲಿಸುತ್ತಾನೆ. ಮೇಲೆ ಹಗುರ, ಅಡಿಯಲ್ಲಿ ಭಾರ. ಕಪ್ಪು ಬಣ್ಣದ ದನಿಗೆ ಇದಕ್ಕಿಂತ ಒಪ್ಪುವ ಸನ್ನಿವೇಶ ಬೇರೆ ಸಿಕ್ಕೀತೇ? ಮಾತು ಅರ್ಥವಾಗದಿದ್ದರೂ 'ಮಮ್ಮಾ' ಎಂಬ ಕರೆ ಪ್ರತಿ ಸಲವೂ ಹೇಗೆ ಬೇರೆಯಾಗುತ್ತದೆ ಎಂಬುದನ್ನು ಹಿಡಿದುಕೊಂಡು ಹೋದರೆ ಸಾಕು.

'ಪಲ್ಯಾಚಿ'ಯ ಹಾಡು ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು. ಕೊಪ್ಪ, ಶೃಂಗೇರಿ ಕಡೆ ಯಕ್ಷಗಾನದ ಚೌಕಿಯನ್ನು ನೋಡಿದವರಿಗೆ ಇದರ ಕಥೆ ಹೇಳುವುದೇ ಬೇಡ. ಬೀದಿಯಾಟದ ತಂಡದ ಯಜಮಾನ ಕಾನಿಯೊ, ಹೆಂಡತಿ ಇನ್ನೊಬ್ಬನಿಗೆ ಒಲಿದಿದ್ದಾಳೆಂದು ಆಗಷ್ಟೇ ತಿಳಿದವನು, ಇನ್ನು ಸ್ವಲ್ಪ ಹೊತ್ತಿಗೆ ವಿದೂಷಕನ ವೇಷದಲ್ಲಿ ರಂಗಕ್ಕೆ ಹೋಗಬೇಕು. ಬಟ್ಟೆ ತೊಡು, ಮುಖಕ್ಕೆ ಹಿಟ್ಟು ಬಳಿ, ಜನ ದುಡ್ಡು ಕೊಟ್ಟಿದ್ದಾರೆ, ಅವರಿಗೆ ನಗು ಬೇಕು ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಇದನ್ನು ಬರೆದ ಲಿಯೊಂಕವಾಲ್ಲೊ ಅವರ ತಂದೆ ನ್ಯಾಯಾಧೀಶರು. ಅವರೆದುರು ಬಂದ ಕೊಲೆ ಪ್ರಕರಣವೊಂದೇ ಕಥೆಯ ಮೂಲ ಎಂದು ಲಿಯೊಂಕವಾಲ್ಲೊ ಹೇಳಿಕೊಂಡಿದ್ದರು. ಈ ಹಾಡಿನಲ್ಲಿ ಬಿಕ್ಕುವುದು, ಹಲ್ಲುಕಡಿಯುವುದು, ಕೊನೆಗೆ ಗೊಳೋ ಎನ್ನುವುದು ಹಳೆಯ ರೂಢಿ. ಕೌಫ್‌ಮನ್ ಅದನ್ನು ಆದಷ್ಟು ತಗ್ಗಿಸಿ, ಮೊದಲಿನ ಮಾತಿನಂತಹ ಸಾಲುಗಳಿಗೇ ಹೆಚ್ಚು ವಿಷ ತುಂಬಿದ್ದಾರೆ.

ಆಮೇಲೆ ಜೋರ್ದಾನೊ ಅವರ 'ಆಂದ್ರೆಯಾ ಶೆನಿಯೆ'ಗೆ ಹೋಗಿ. ಇದರ ನಾಯಕ ನಿಜವಾಗಿ ಬದುಕಿದ್ದ ಫ್ರೆಂಚ್ ಕವಿ. 1794ರ ಜುಲೈ 25ರಂದು, ಫ್ರೆಂಚ್ ಕ್ರಾಂತಿಯ ಮುಖಂಡ ರೊಬೆಸ್‌ಪಿಯೆರ್‌ನ ತಲೆ ಉರುಳುವುದಕ್ಕೆ ಮೂರೇ ದಿನ ಮೊದಲು, ಗಿಲೊಟಿನ್‌ಗೆ ಬಲಿಯಾದವನು. ಸಿರಿವಂತರ ಮನೆಯ ಕೂಟದಲ್ಲಿ ಪ್ರೇಮದ ಬಗ್ಗೆ ಆಶುಕವಿತೆ ಹೇಳೆಂದರೆ ಆಕಾಶ, ಹೊಲ, ಹೂವು ಎಂದು ಸುಮ್ಮನೆ ತೊಡಗಿ, ಬಡವರನ್ನು ಮರೆತ ಪಾದ್ರಿಗಳ ಮೇಲೂ ಅದೇ ಸಿರಿವಂತರ ಮೇಲೂ ತಿರುಗಿಬೀಳುತ್ತಾನೆ. ಆ ತಿರುವು ಎಲ್ಲಿ ಬರುತ್ತದೆಂಬುದನ್ನು ಭಾಷೆ ಬಾರದವರೂ ದನಿಯ ಬಣ್ಣದಿಂದಲೇ ಗುರುತಿ‍ಸಬಹುದು. ನಮ್ಮ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಅವರ ಗಾಯನವನ್ನು ಕೇಳಿದವರಿಗೆ ತುಂಬಿದ ಶಾರೀರವೂ ಸಾಹಿತ್ಯದ ಸ್ಪಷ್ಟತೆಯೂ ಜೊತೆಯಾಗಿ ಬರುವುದು ಎಂದರೇನೆಂದು ತಿಳಿದಿರುತ್ತದೆ. ದಪ್ಪ ದನಿಯಲ್ಲಿ ಅಕ್ಷರ ಮುಳುಗಲೇಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ಇಲ್ಲಿ ಇನ್ನೊಂದು ಸಾಕ್ಷಿ ಸಿಗುತ್ತದೆ.

ಉಳಿದವುಗಳನ್ನು ನಿಮಗೆ ತೋಚಿದ ಕ್ರಮದಲ್ಲಿ ಕೇಳಿ. ಅವುಗಳಲ್ಲಿ ರೆಫಿಚೆ ಎಂಬ ಪಾದ್ರಿಯ, ಮೋಡದ ನೆರಳನ್ನು ಕುರಿತ ಪುಟ್ಟ ಹಾಡೊಂದಿದೆ. ಅದು ಆರಿಯಾವೇ ಅಲ್ಲ, ಆದರೆ ಬಿಡುವಂಥದ್ದೂ ಅಲ್ಲ.

ಪ್ರಶ್ನೆ: ನಮ್ಮ ಮನೆಯ ಅಟ್ಟದಲ್ಲಿ, ತೋಟ ಮಾರಿ ಹೋದ ಯಾರೋ ದೊರೆ ಬಿಟ್ಟುಹೋದ ಗ್ರಾಮಫೋನ್ ತಟ್ಟೆಗಳಿವೆ. ಅದರಲ್ಲಿ ಇಟಲಿಯ ಟೆನರ್ ಕರೂಸೊ ಅವರದೂ ಒಂದಿದೆ. ಅವರ ದನಿಯೂ ಕಪ್ಪು ಬಣ್ಣದ್ದೇ ಎನ್ನುತ್ತಾರೆ. ಇಬ್ಬರನ್ನೂ ಹೋಲಿಸಿ ಕೇಳಬಹುದೇ? (ಓದುಗರೊಬ್ಬರು, ಮೂಡಿಗೆರೆ)

ಉತ್ತರ: ಹೋಲಿಸಿ, ಆದರೆ ಬಣ್ಣವನ್ನು ಹೋಲಿಸಬೇಡಿ. ಎನ್ರಿಕೊ ಕರೂಸೊ 1921ರಲ್ಲಿ ತೀರಿಕೊಂಡರು. ಮೈಕ್ರೊಫೋನ್ ಬಳಸಿ ಮಾಡುವ ವಿದ್ಯುತ್ ಧ್ವನಿಮುದ್ರಣ ಮಾರುಕಟ್ಟೆಗೆ ಬಂದದ್ದು 1925ರಲ್ಲಿ. ಅಂದರೆ ಅವರು ಹಾಡಿದ್ದೆಲ್ಲ ತಗಡಿನ ಕೊಂಬಿನ ಬಾಯಿಗೆ. ಆ ಕೊಂಬು ನಾದದ ಬುಡವನ್ನೂ ತುದಿಯನ್ನೂ ಕತ್ತರಿಸಿ ನಡುವಣ ಭಾಗವನ್ನು ಮಾತ್ರ ಹಿಡಿಯುತ್ತಿತ್ತು. ಅಷ್ಟಾದರೂ ಕರೂಸೊ ಅವರ ಮೊದಲ ಮುದ್ರಣಗಳ ಹಗುರ ದನಿ ವರ್ಷದಿಂದ ವರ್ಷಕ್ಕೆ ಬ್ಯಾರಿಟೋನ್ ಕಡೆಗೆ ಮಾಗುತ್ತ ಹೋದದ್ದು ತಟ್ಟೆಗಳಲ್ಲಿ ಕೇಳಿಸುತ್ತದೆ ಎಂದರೆ ಮೂಲದ ಕಂಠ ಹೇಗಿದ್ದಿರಬೇಕು ಊಹಿಸಿ.

ಹೋಲಿಸಲು ಒಳ್ಳೆಯ ಜೋಡಿ ಎಂದರೆ 'ಮೆಫಿಸ್ತೊಫೆಲೆ'ಯ ಎರಡು ಆರಿಯಾಗಳು. 1902ರ ಏಪ್ರಿಲ್‌ನಲ್ಲಿ ಮಿಲಾನ್‌ನ ಹೋಟೆಲೊಂದರ ಕೋಣೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಮುದ್ರಣಕಾರರು ಕರೂಸೊ ಅವರಿಂದ ಹತ್ತು ಹಾಡುಗಳನ್ನು ನೂರು ಪೌಂಡಿಗೆ ಹಾಡಿಸಿಕೊಂಡಾಗ ಆ ಎರಡೂ ಅದರಲ್ಲಿದ್ದವು. ಕೌಫ್‌ಮನ್ ಆಲ್ಬಂನಲ್ಲೂ ಇವೆ. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ, ಯಾವ ಸ್ವರದ ಮೇಲೆ ಕಾಲಪ್ರಮಾಣವನ್ನು ಸಡಿಲಿಸುತ್ತಾರೆ, ಯಾವ ಮಾತನ್ನು ಒತ್ತುತ್ತಾರೆ ಎಂಬುದನ್ನು ಹೋಲಿಸಿ ನೋಡಿ. ಕರೂಸೊ ಬಿಸಿಲಿನಲ್ಲಿ ನಡೆದಂತೆ ಹಾಡುತ್ತಾರೆ, ಇವರು ಪ್ರತಿ ಸಾಲನ್ನೂ ಮೊದಲು ಯೋಚಿಸಿ ಹಾಡುತ್ತಾರೆ.

ಅದೇ ಗೈಸ್‌ಬರ್ಗ್ ಅದೇ ವರ್ಷದ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದು ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಅವರ ದನಿಯನ್ನು ಮುದ್ರಿಸಿಕೊಂಡರು. ಆಕೆ 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಕಣ್ಣು ಮುಚ್ಚಿದರು. ನಿಮ್ಮ ಅಟ್ಟದಲ್ಲಿ ಆಕೆಯ ತಟ್ಟೆಯೂ ಇದೆಯೇ ಎಂದು ಒಮ್ಮೆ ನೋಡಿ. ಇದ್ದರೆ ದಯವಿಟ್ಟು ಹಳೆಯ ಸೂಜಿ ತಾಗಿಸಬೇಡಿ.

ಪ್ರಶ್ನೆ: ಮೊಬೈಲ್ ಫೋನಿನಲ್ಲಿ ಕೇಳಿದರೆ ಸಾಕೇ? (ಓದುಗರೊಬ್ಬರು, ಕಡೂರು)

ಉತ್ತರ: ಫೋನಿನ ಪುಟ್ಟ ಸ್ಪೀಕರ್ ನಾದದ ಬುಡವನ್ನು ತೋರಿಸಲಾರದು, ಕಪ್ಪು ಕಂಠದ ಕಪ್ಪೇ ಅದರಲ್ಲಿ ಹೋಗಿಬಿಡುತ್ತದೆ. ಸಾಧಾರಣವಾದ ಹೆಡ್‌ಫೋನ್ ಆದರೂ ಸರಿ, ಕಿವಿಗೆ ಹಾಕಿಕೊಳ್ಳಿ.

ಪ್ರಶ್ನೆ: ನಿಮ್ಮ ಹೊಗಳಿಕೆ ಅತಿಯಾಯಿತೆಂದು ನನ್ನ ಭಾವನೆ. ಅಳಿಯ ಕೊಟ್ಟ ಈ ಸಿ.ಡಿ.ಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಒಂದು ಗಂಟೆಗೂ ಮೀರಿ ಸಾವು, ವಿರಹ, ಸಂಕಟ. ಒಂದೂ ಲವಲವಿಕೆಯ ಹಾಡಿಲ್ಲ. ಇದರಲ್ಲಿ ದೋಷವೇ ಇಲ್ಲವೇ? ಇದನ್ನು ಇಟ್ಟುಕೊಳ್ಳಲೇ, ಅಳಿಯನಿಗೇ ಹಿಂದಿರುಗಿಸಲೇ? (ಹಿರಿಯ ಓದುಗರು, ಬಸವನಹಳ್ಳಿ, ಚಿಕ್ಕಮಗಳೂರು)

ಉತ್ತರ: ದೋಷಗಳಿವೆ. ನೀವು ಹೇಳಿದ ಏಕತಾನ ಅವುಗಳಲ್ಲಿ ದೊಡ್ಡದು. ಬರಿಯ ಬದನೆಕಾಯಿಯಿಂದಲೇ ಹದಿನಾರು ಬಗೆಯ ಪಲ್ಯ ಮಾಡಿ ಬಡಿಸಿದಂತೆ ಇಂತಹ ಆಲ್ಬಂಗಳನ್ನು ಜೋಡಿಸುವುದೇ ಒಂದು ವ್ಯಾಪಾರದ ರೂಢಿಯಾಗಿದೆ. ಹಾಗೆಂದು ಗಾಯಕನ ಜವಾಬ್ದಾರಿ ತಪ್ಪುವುದಿಲ್ಲ: ಮೆಲುದನಿಗೆ ಇಳಿಯುವುದು ಕೌಫ್‌ಮನ್ ಅವರಿಗೆ ಕರಗತವಾದ ವಿದ್ಯೆ, ಅದನ್ನು ಅವರು ಬೇಕಾದ ಕಡೆಗಿಂತ ಹೆಚ್ಚು ಕಡೆ ಬಳಸುತ್ತಾರೆ. ಎರಡನೆಯ ಮೂರನೆಯ ಸಲ ಕೇಳುವಾಗ ಇಲ್ಲಿ ದನಿ ಈಗ ಇಳಿಯುತ್ತದೆ ಎಂದು ಮೊದಲೇ ಹೇಳಿಬಿಡಬಹುದು, ಹೇಳಿದಂತೆಯೇ ಇಳಿಯುತ್ತದೆ.

ಇದಕ್ಕಿಂತ ನನ್ನನ್ನು ಕಾಡಿದ್ದು ಬೇರೊಂದು. ಈ ಪಾತ್ರಗಳಲ್ಲಿ ಪ್ರಮುಖವಾದವನ್ನು ಅವರು 2010ರ ಹೊತ್ತಿಗೆ ರಂಗದ ಮೇಲೆ ಮಾಡಿರಲಿಲ್ಲ. ಶೆನಿಯೆ ಪಾತ್ರವನ್ನು ಮೊದಲು ಧರಿಸಿದ್ದು 2015ರ ಜನವರಿಯಲ್ಲಿ, ಲಂಡನ್ನಿನಲ್ಲಿ. ತುರಿದ್ದು ಮತ್ತು ಕಾನಿಯೊ ಪಾತ್ರಗಳನ್ನು ಅದೇ ವರ್ಷದ ಈಸ್ಟರ್ ಉತ್ಸವದಲ್ಲಿ, ಜಾಲ್ಟ್ಸ್‌ಬುರ್ಗ್‌ನಲ್ಲಿ. ಪಾತ್ರವನ್ನು ಬಾಳುವ ಮುಂಚೆ ಅದರ ಹಾಡನ್ನು ಮುದ್ರಿಸಿದಾಗ ಹಾಡು ಚೆಲುವಾಗಿರುತ್ತದೆ, ಬೆವರಿರುವುದಿಲ್ಲ. ಆಲ್ಬಂನ ಕಾನಿಯೊ ನನಗೆ ಇನ್ನೂ ವೇಷ ಕಟ್ಟದ ನಟನಂತೆ ಕೇಳಿಸಿದ್ದು ಅದರಿಂದ.

ಆದರೆ ಶೆನಿಯೆಯ ಕೊನೆಯ ಯುಗಳಗೀತೆಯ ಬಗ್ಗೆ ಈ ಮಾತನ್ನು ಹೇಳಲಾರೆ. ಬೆಳಗಾದರೆ ಕವಿಗೆ ಗಿಲೊಟಿನ್. ಅವನ ಪ್ರೇಯಸಿ ಮತ್ತೊಬ್ಬ ಕೈದಿ ಹೆಂಗಸಿನ ಹೆಸರಿನಲ್ಲಿ ಸೆರೆಮನೆಗೆ ಬಂದು ಅವನೊಡನೆ ಸಾಯಲು ನಿಂತಿದ್ದಾಳೆ. ಇದರಲ್ಲಿ ಜೊತೆಗೂಡಿರುವ ಸೊಪ್ರಾನೊ (ಹೆಂಗಸರ ಎತ್ತರದ ದನಿ) ಗಾಯಕಿ ಎವಾ-ಮರಿಯಾ ವೆಸ್ಟ್‌ಬ್ರುಕ್. ಐದು ವರ್ಷಗಳ ಬಳಿಕ ಲಂಡನ್ನಿನ ರಂಗದ ಮೇಲೆ ಕೌಫ್‌ಮನ್ ಎದುರು ನಿಂತವರೂ ಅವರೇ, ವಾದ್ಯವೃಂದದ ಮುಂದೆ ನಿಂತವರೂ ಪಪ್ಪಾನೊ ಅವರೇ. ನೀವು ಲವಲವಿಕೆ ಕೇಳಿದಿರಲ್ಲ, ಸಾಯಹೊರಟ ಇಬ್ಬರ ಈ ಹಾಡಿನಲ್ಲಿಯೇ ಅದು ಇಡೀ ಆಲ್ಬಂಗಿಂತ ಹೆಚ್ಚಾಗಿದೆ. ದನಿಯ ಕಪ್ಪೆಲ್ಲ ಅಡಿಗೆ ಕೂತು ಮೇಲೆ ಹೊಳಪೊಂದೇ ಉಳಿಯುತ್ತದೆ. ಅದನ್ನೊಂದು ಸಲ, ಅದೊಂದನ್ನೇ, ಊಟವಾದ ಮೇಲೆ ಹಾಕಿಕೊಂಡು ಕೇಳಿ. ಆಮೇಲೂ ಬೇಡವೆನಿಸಿದರೆ ಸಿ.ಡಿ.ಯನ್ನು ಅಳಿಯನಿಗೆ ಕೊಡಬೇಡಿ, ಅರಸೀಕೆರೆಯ ಓದುಗರಿಗೆ ತಲುಪಿಸಲು ನಮ್ಮ ಕಚೇರಿಗೆ ಕಳಿಸಿ.